ಹಲ್ಲು ಮುರಿದ ಬಾಚಣಿಗೆಯ ಅಚ್ಚು

ನ್ಟೋನ್ಸೊ ಊರಿನ ದ್ವುಮೋ ಸೋರೆಬುರುಡೆಯ ಚೂರಿನಲ್ಲಿ ಅಚ್ಚು ಕೆತ್ತಿ, ತೊಗಟೆಯ ಕಪ್ಪು ಬಣ್ಣದಲ್ಲಿ ಅದ್ದಿ, ಅರಮನೆಯ ಸಾವಿಗೆ ಬಟ್ಟೆ ಒತ್ತಿಕೊಟ್ಟವನು. ಅವನ ಮಗ ಅಗ್ಯೇಮನ್ ಕಣ್ಣು ಮಂಜಾದ ಮೇಲೂ ಬೆರಳಲ್ಲಿ ತಡವಿಕೊಂಡೇ ಸಾಲು ತಪ್ಪದೆ ಒತ್ತಿದವನು. ಅಗ್ಯೇಮನ್ನನ ಮಗ ಫೋಫಿಯೆ. ಬಟ್ಟೆಗೆ ಗೆರೆ ಎಳೆಯುವ ಮರದ ಬಾಚಣಿಗೆಯ ಹಲ್ಲೊಂದು ಮುರಿದರೂ ಬಿಸಾಡದೆ ಅರ್ಧ ಆಯುಸ್ಸು ಅದರಲ್ಲೇ ದುಡಿದವನು. ಗೆರೆಗಳ ನಡುವಿನ ಆ ಸಂದಿ ಕಂಡೇ ಜನ ಅವನ ಬಟ್ಟೆಯನ್ನು ಗುರುತು ಹಿಡಿಯುತ್ತಿದ್ದರು.

ಈ ಫೋಫಿಯೆಯ ಮಗಳು ಅಫ್ರಾಕೋಮಾ ಕುಮಾಸಿ ಪಟ್ಟಣದಲ್ಲಿ ಬಟ್ಟೆ ವಿನ್ಯಾಸ ಕಲಿತು ಬರುವ ಹೊತ್ತಿಗೆ ಊರಲ್ಲಿ ಬಣ್ಣದ ಒಲೆಗಳು ಆರುತ್ತಿದ್ದವು. ವಿನ್ಯಾಸದ ಕೆಲಸ ಸಿಗದಿದ್ದರೆ ಅವಳು ಸಂತೆಯಲ್ಲಿ ಸೋದರತ್ತೆಯ ಟೊಮೇಟೊ ಬುಟ್ಟಿಯ ಮುಂದೆ ಕೂರಬೇಕಿತ್ತು. ಸಿಕ್ಕ ಬಾಗಿಲನ್ನೆಲ್ಲ ತಟ್ಟುವ ಜಾತಿಯಲ್ಲ ಅವಳು. ಕುಮಾಸಿಯಲ್ಲಿ ಬಟ್ಟೆ ಮಾಡಿ ಮಾರುವ ಮನೆಗಳ ಎದುರು ನಿಂತು, ಗಿರಾಕಿಗಳು ಏನು ಹಿಡಿದು ಹೊರಬರುತ್ತಾರೆ ಎಂದು ನೋಡಿದಳು. ದರ್ಜಿ ಹೆಂಗಸರನ್ನು ಮಾತಿಗೆಳೆದು, ಬಿರಾಗೊ ಅಮ್ಮನವರ ಮನೆಗೆ ಹೊಸ ವಿನ್ಯಾಸಗಾರ್ತಿ ಬೇಕೆಂದು ತಿಳಿದುಕೊಂಡಳು. ಆ ಮನೆಗೆ ಒಪ್ಪುವಂಥ ಮಾದರಿಗಳನ್ನು ಬಿಳಿ ಬಟ್ಟೆಯ ಮೇಲೆ ಒತ್ತತೊಡಗಿದಳು.

ಅವಳು ವೋಫಾ ಎಂದು ಕರೆಯುವ ಸೋದರಮಾವ ಡೊಂಕೊರ್ ನಕ್ಕ. "ಏನೇ ಇದು, ಕೆಲ್ಸ ಹುಡುಕ್ತಿದ್ದೀಯೋ, ಗಂಡು ನೋಡ್ತಿದ್ದೀಯೋ?"

"ಗಂಡು ಕೆಟ್ಟವನಾದ್ರೆ ನಿನ್ನ ಮನೆಗೆ ಬಂದು ಬಿದ್ಕೋಬಹುದು ವೋಫಾ. ಕೆಲ್ಸ ಕೆಟ್ರೆ?"

ಫೋಫಿಯೆ ಗೆರೆ ಎಳೆಯುತ್ತಲೇ ಅಂದ: "ಚೆನ್ನಾಗಿರೋದನ್ನ ಕೊನೇಲಿ ತೋರ್ಸು ಮಗಳೇ. ನೋಡ್ದೋರ ಕಣ್ಣಲ್ಲಿ ಉಳಿಯೋದು ಅದೇ."

ಮಾದರಿಗಳ ಗಂಟು ಕಟ್ಟುವ ಮೊದಲೇ ಫೋಫಿಯೆ ಕಣ್ಣು ಮುಚ್ಚಿದ. ಮಗಳು ಅತ್ತು ಮಲಗಲಿಲ್ಲ. ಅಪ್ಪನ ಮುರುಕು ಬಾಚಣಿಗೆಯ ರೂಪವನ್ನೇ ಅಚ್ಚಾಗಿ ಕೆತ್ತಿ, ಸೂತಕದ ಕೆಂಪು ಬಟ್ಟೆಯ ತುಂಬ ಒತ್ತಿದಳು. ಸಾವಿಗೆ ಬಂದ ಮುದುಕರು ಅವಳ ಮೈಮೇಲಿನ ಸೆರಗು ಹಿಡಿದು ಆ ಮುರಿದ ಹಲ್ಲಿನ ಸಂದಿಯನ್ನು ಬೆರಳಲ್ಲಿ ತಡವಿದರು. ಅಷ್ಟು ಚೆಂದದ್ದನ್ನು ಅವಳು ಅದುವರೆಗೆ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ.

ಕೆಲವು ದಿನಗಳ ಮೇಲೆ ಅವಳು ಮಾದರಿಗಳ ಗಂಟು ಹೊತ್ತು ಕುಮಾಸಿಗೆ ಹೋದಳು. ಬಿರಾಗೊ ಅಮ್ಮ ಬಿಳಿ ಬಟ್ಟೆಗಳನ್ನು ಒಂದೊಂದಾಗಿ ಸವರಿ ನೋಡಿದರು. "ನಾಳೆಯಿಂದ್ಲೇ ಬರ್ತೀಯಾ?" ಎಂಬ ಮಾತು ಅವರ ತುಟಿಗೆ ಬಂದೇಬಿಟ್ಟಿತ್ತು. ಅಪ್ಪನ ಮಾತಿನಂತೆ ಅಫ್ರಾಕೋಮಾ ಕೊನೆಗೆ ಆ ಕೆಂಪು ಬಟ್ಟೆಯನ್ನು ಹಾಸಿದಳು. ಅಮ್ಮ ಕೆಂಡ ಮುಟ್ಟಿದವರಂತೆ ಕೈ ಹಿಂದೆಗೆದುಕೊಂಡರು.

"ಯಾರದಿದು?"

"ನಮ್ಮಪ್ಪನ ಸಾವಿಗೆ ನಾನೇ ಮಾಡಿ ಉಟ್ಟಿದ್ದು."

"ಸೂತಕದ ನಲವತ್ತನೇ ದಿನ ಕಳೀತಾ?"

"ಇನ್ನೂ ಇಲ್ಲ."

"ಮದುವೆ, ನಾಮಕರಣದ ಬಟ್ಟೆ ಮಾಡೋ ಮನೆ ಇದು. ಉಟ್ಟ ಸೂತಕಾನ ನನ್ನ ಮೇಜಿನ ಮೇಲೆ ಹಾಸಿದ್ಯಲ್ಲೇ ತಾಯಿ! ಎತ್ಕೋ, ಎತ್ಕೊಂಡ್ ಹೊರಡು."

ಎಲ್ಲವನ್ನೂ ಅಳೆದು ತೂಗಿ ಹೊರಟವಳಿಗೆ ಇದೊಂದು ಹೊಳೆದಿರಲಿಲ್ಲ. ಅವಳ ಪಾಲಿಗೆ ಅದು ಸೂತಕವಾಗಿರಲಿಲ್ಲ, ಅಪ್ಪನಾಗಿತ್ತು.

ಸುದ್ದಿ ತಿಳಿದು ಡೊಂಕೊರ್ ಒಂದು ಥಾನು ಬಿಳಿ ಬಟ್ಟೆ ಹೊತ್ತು ಬಂದ. "ಆ ಅಮ್ಮನ ಗಂಡ ನನ್ನ ಗೆಳೆಯ. ಮಾತಾಡಿದ್ದೀನಿ. ಅದೇ ಅಚ್ಚನ್ನ ಇದರ ಮೇಲೆ ಒತ್ತು. ಹೋಗಿ, ಕೆಂಪು ಬಟ್ಟೆ ತಂದಿದ್ದು ತಪ್ಪಾಯ್ತು ಅನ್ನು. ಕೆಲ್ಸ ನಿಂದೇ."

ಅಫ್ರಾಕೋಮಾ ಥಾನನ್ನು ತಿರುಗಿ ಅವನ ತೊಡೆಯ ಮೇಲಿಟ್ಟಳು.

"ಬೇಡ ವೋಫಾ. ಬಿಳಿ ಮೇಲೆ ಒತ್ತಿದ್ರೆ ಅದು ಬರೀ ಬಾಚಣಿಗೆ. ಕೆಲ್ಸ ಬೇಕು ನಂಗೆ, ತುಂಬಾನೇ ಬೇಕು. ಆದ್ರೆ ಅಪ್ಪನ್ನೇ ತಪ್ಪು ಅಂತ ಹೇಳಿ ಒಳಗೆ ಹೋಗಲಾರೆ. ನಿನ್ನ ಬಟ್ಟೆ ತಗೊಂಡ್ ಹೋಗು."