ದುಗ್ಗಮ್ಮ ಕಟ್ಟಿಸಿದ ದಾರ

ದುಗ್ಗಮ್ಮನ ಬಾಯಿಗೆ ಹೆದರದವರು ಹೊಸನಗರದ ಸೀಮೆಯಲ್ಲೇ ಇರಲಿಲ್ಲ. ಶಾನುಭೋಗರನ್ನೂ ಬಿಟ್ಟವಳಲ್ಲ, ಇನ್ನು ಕಟ್ಟಿಕೊಂಡ ಗಂಡನನ್ನು ಬಿಟ್ಟಾಳೆಯೇ? ಅಂಥವಳು ಆ ದಿನ ಸಾಗರದ ಕೋರ್ಟಿನಲ್ಲಿ ತುಟಿ ಹೊಲಿದುಕೊಂಡು ಕೂತಿದ್ದಳು. ಬಾಯಿ ಬಿಡಬೇಡಿ ಎಂದು ಅವಳ ಕಡೆಯ ವಕೀಲರು ಕೈಮುಗಿದು ಕೇಳಿಕೊಂಡಿದ್ದರು.

ಕೇಸು ಅವಳ ಗಂಡ ಹೂವಪ್ಪನದು. ಅಡಿಕೆ ಮರ ಹತ್ತಿ ಗೊನೆ ಕೊಯ್ಯುವವನು. ಒಂದು ಮರದ ತುದಿಯಿಂದ ಇನ್ನೊಂದಕ್ಕೆ ಜೀಕಿಕೊಂಡೇ ದಾಟುತ್ತಿದ್ದ ಆಳು. ಹಿಂದಿನ ಮಳೆಗಾಲ ಅವನು ಹೋಗುತ್ತಿದ್ದ ಉಮಾಮಹೇಶ್ವರ ಸಾಹುಕಾರರ ಬಸ್ಸು ಬ್ರೇಕು ಹಿಡಿಯದೆ ತಿರುವಿನಲ್ಲಿ ಮಗುಚಿಬಿತ್ತು. ಪಕ್ಕದಲ್ಲಿ ಕೂತು ಎಲೆಅಡಿಕೆ ಹಂಚಿಕೊಂಡಿದ್ದ ಮಾಸ್ತಪ್ಪ ಇವನ ತೊಡೆಯ ಮೇಲೇ ಪ್ರಾಣ ಬಿಟ್ಟ. ಹೂವಪ್ಪನಿಗೆ ಒಂದು ತರಚುಗಾಯವೂ ಆಗಲಿಲ್ಲ. ಆದರೆ ಅಂದಿನಿಂದ ಮರದ ಬುಡಕ್ಕೆ ಕೈ ಹಚ್ಚಿದರೆ ಸಾಕು, ಕಾಲು ಗಡಗಡ ನಡುಗುತ್ತಿತ್ತು.

"ಗಂಡಸಂತೆ ಗಂಡಸು! ಏಣಿ ಕಂಡ್ರೂ ಬೆವರು ಇಳೀತದೆ" ಎಂದು ದುಗ್ಗಮ್ಮ ಮೊದಮೊದಲು ಹಂಗಿಸಿದಳು. ಅವನು ಊಟವನ್ನೇ ಬಿಟ್ಟಾಗ ಹಂಗಿಸುವುದನ್ನು ನಿಲ್ಲಿಸಿದಳು. ಅಮ್ಮನವರ ಗುಡಿಗೆ ಎಳೆದುಕೊಂಡು ಹೋಗಿ ರಟ್ಟೆಗೆ ಕಪ್ಪು ದಾರ ಕಟ್ಟಿಸಿದಳು. ಹೆದರಿಕೆ ಇನ್ನು ಹತ್ತಿರ ಸುಳಿಯಲ್ಲ ಎಂದು ಊರಿಗೆಲ್ಲ ಸಾರಿದಳು. ದಾರ ಭದ್ರವಾಗಿ ಉಳಿಯಿತು, ನಡುಕವೂ ಉಳಿಯಿತು. ಕೆಲಸ ಹೋಯಿತು. ಕೊನೆಗೆ ಪರಿಹಾರಕ್ಕೆಂದು ಕೋರ್ಟು ಹತ್ತಿದರು.

"ಮೂಳೆ ಮುರಿದಿಲ್ಲ, ರಕ್ತ ಬಂದಿಲ್ಲ. ಹೆದರಿಕೆಗೂ ಪರಿಹಾರವಂತೆ!" ಎಂದು ಸಾಹುಕಾರರ ವಕೀಲ ಗಣೇಶಮೂರ್ತಿ ನಕ್ಕ. ಕೋಟು ಹಾಕಿದ ಕಾಗೆ ಎಂದುಕೊಂಡಳು ದುಗ್ಗಮ್ಮ.

"ರಟ್ಟೆಯಲ್ಲಿ ಏನಯ್ಯ ಅದು?" ಎಂದು ಆ ವಕೀಲ ಕಟಕಟೆಯಲ್ಲಿ ನಿಂತಿದ್ದ ಹೂವಪ್ಪನನ್ನು ಕೇಳಿದ.

"ಅಮ್ಮನ ದಾರ, ಸ್ವಾಮಿ. ಹೆದರಿಕೆ ಹೋಗ್ಲಿ ಅಂತ ಕಟ್ಸಿದ್ದು."

"ಹಾಗಾದರೆ ಹೆದರಿಕೆ ಹೋಯ್ತೋ, ಇಲ್ಲ ಆ ದೇವಿಯೇ ಸುಳ್ಳೋ? ಪ್ರಮಾಣ ಮಾಡಿದ್ದೀಯ, ಹೇಳು."

ಹೂವಪ್ಪ ಹೆಂಡತಿಯ ಮುಖ ನೋಡಿದ. ದುಗ್ಗಮ್ಮನಿಗೆ ಆಗ ಹೊಳೆಯಿತು: ತನ್ನ ಕಾಲ ಮೇಲೆ ತಾನೇ ಚಪ್ಪಡಿ ಎಳೆದುಕೊಂಡಿದ್ದಳು.

"ಅಮ್ಮ ಸುಳ್ಳಲ್ಲ ಸ್ವಾಮಿ. ಹೆದರಿಕೆ ಹೋಯ್ತು" ಎಂದ. ಅವನು ಹಿಡಿದಿದ್ದ ಕಟಕಟೆ ಕಟಕಟನೆ ಅಲುಗುತ್ತಿತ್ತು. ಜಡ್ಜರು ಮಾತನ್ನಷ್ಟೇ ಬರೆದುಕೊಂಡರು. ಕೇಸು ವಜಾ ಆಯಿತು.

ಹೊರಗೆ ಸಾಹುಕಾರರ ಬಸ್ಸು ನಿಂತಿತ್ತು, ಮೂತಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಕೊಂಡು. "ಹತ್ತೋ ಹೂವಪ್ಪ, ಟಿಕೇಟು ಬೇಡ. ಹೆದರಿಕೆ ಹೋಯ್ತಲ್ಲ!" ಎಂದರು ಸಾಹುಕಾರರು. ಸುತ್ತ ನಿಂತವರು ಹಲ್ಲು ಕಿಸಿದರು.

ಇನ್ನು ದುಗ್ಗಮ್ಮನ ಬಾಯಿಗೆ ಯಾವ ವಕೀಲರ ತಡೆಯೂ ಇರಲಿಲ್ಲ.

"ಅಲ್ಲ ಸಾಹುಕಾರ್ರೇ, ನಿಂಬೆಹಣ್ಣು ಕಟ್ಟೀರಲ್ಲ, ಮತ್ತೆ ಬ್ರೇಕು ಯಾಕೆ ರಿಪೇರಿ ಮಾಡ್ಸಿದ್ರಿ? ದೇವ್ರ ಮೇಲೆ ನಂಬಿಕೆ ಇಲ್ವಾ? ಬನ್ನಿ, ಮುಂದಿನ ಸೀಟಲ್ಲಿ ನೀವು ಕೂತ್ಕಳಿ. ನಿಮ್ಮ ಪಕ್ಕದಾಗೆ ಇವರು ಕೂರ್ತಾರೆ."

ಸಾಹುಕಾರರ ನಗೆ ಅಲ್ಲೇ ಇಂಗಿತು. ಆ ಮಳೆಗಾಲದಿಂದ ಈಚೆ ಅವರು ತಮ್ಮ ಬಸ್ಸಿಗೆ ಕಾಲಿಟ್ಟಿರಲಿಲ್ಲ. ಅದು ಊರಿಗೇ ಗೊತ್ತಿತ್ತು. ವಾಚು ನೋಡಿಕೊಂಡರು, ಪಂಚೆ ಎತ್ತಿಕೊಂಡು ಕಾರಿನ ಕಡೆ ಹೊರಟರು.

"ಥೂ! ಇವ್ರ ಹೆದರಿಕೆಗೆ ಕಾರು, ನಮ್ಮ ಹೆದರಿಕೆಗೆ ನಗೆ" ಎಂದು ದುಗ್ಗಮ್ಮ ಅವರು ನಿಂತ ಜಾಗಕ್ಕೇ ಉಗಿದಳು. ಆಮೇಲೆ ಅಷ್ಟು ಜನರೆದುರು ಗಂಡನ ಕೈ ಹಿಡಿದಳು.

"ನಡೀರಿ, ನಡ್ಕಂಡೇ ಹೋಗಾನ."

"ಇನ್ನೂ ನಡುಗ್ತದೆ ಕಣೇ" ಎಂದ ಹೂವಪ್ಪ.

"ಗೊತ್ತು. ನಡುಗ್ಲಿ" ಎಂದಳು.