ಪಡಸಾಲೆಯ ಗೋಡೆಯೊಳಗಿನ ದಿಬ್ಬ

ಮನುಷ್ಯರು ಅಳಿಯುತ್ತಾರೆ, ಕಲ್ಲು ಉಳಿಯುತ್ತದೆ ಎಂದು ತಿಳಿದವರು ಗಂಭೀರವಾಗಿ ಹೇಳುತ್ತಾರೆ. ನಮ್ಮ ಪುಟ್ಟತ್ತೆಯ ಕೈಗೆ ಸಿಕ್ಕ ಕಲ್ಲುಗಳಿಗೆ ಆ ಭಾಗ್ಯವಿರಲಿಲ್ಲ, ಸಂಜೆಯೊಳಗೆ ಹುಡಿಯಾಗಿರುತ್ತಿದ್ದವು. ಈಗಲೂ ಎಲ್ಲಾದರೂ ಒಣ ಕಲ್ಲುಹುಡಿಗೆ ನೀರು ಬಿದ್ದ ವಾಸನೆ ಬಂದರೆ ಸಾಕು, ಕುಶಾಲನಗರದಾಚೆ ಹಾರಂಗಿ ಕಾಲುವೆಯ ಪಕ್ಕದಲ್ಲಿದ್ದ ನಮ್ಮ ಮಣ್ಣುಗೋಡೆಯ ಮನೆ, ಹಿತ್ತಿಲ ಒರಳುಕಲ್ಲು, ಅದರ ಮುಂದೆ ಸೆರಗು ಸಿಕ್ಕಿಸಿ ಕೂತ ಅತ್ತೆ, ಎಲ್ಲ ಒಟ್ಟಿಗೆ ಎದ್ದು ಬರುತ್ತವೆ.

ಪುಟ್ಟತ್ತೆ ಅಪ್ಪನ ಅಕ್ಕ. ಹಾಸನದ ಕಡೆಯಿಂದ ಬಂದು ನೆಲೆಸಿದ ನಮ್ಮವರಿಗೆಲ್ಲ ಕಾಲುವೆಯಲ್ಲಿ ನೀರು ಕಾಣುತ್ತಿತ್ತು. ಆಕೆಗೆ ಮಾತ್ರ ಕಾಲುವೆಗಾಗಿ ಕಡಿದ ದಿಬ್ಬ ಕಾಣುತ್ತಿತ್ತು. ಹುಲ್ಲಿನ ಕೆಳಗೆ ಕೆಂಪು, ಅದರ ಕೆಳಗೆ ಅರಿಸಿನದಂಥ ಹಳದಿ, ಆಮೇಲೆ ಬಿಳಿ ಜೇಡಿ, ತಳದಲ್ಲಿ ಕರಿಬಂಡೆ. ಒಂದೊಂದರ ಚೂರನ್ನೂ ಮಡಿಲಲ್ಲಿ ತಂದು, ಅರೆದು, ಮರದ ಅಂಟು ಕಲಸಿ, ಆ ದಿಬ್ಬವನ್ನೇ ಪಡಸಾಲೆಯ ಗೋಡೆಯ ಮೇಲೆ ಬರೆಯುತ್ತಿದ್ದಳು. ಬಂಡೆ ಮಿನುಗಲೆಂದು ಕಾಗೆಬಂಗಾರದ ಹುಡಿ ಉದುರಿಸುತ್ತಿದ್ದಳು. ದೋಸೆಗೂ ಅದೇ ಒರಳಾದ್ದರಿಂದ ಅಜ್ಜಿ, "ಇವತ್ತು ಯಾವ ಬಂಡೆ ದೋಸೆನೇ?" ಎಂದು ವಿಚಾರಿಸಿಯೇ ತಟ್ಟೆಗೆ ಕೈ ಹಾಕುತ್ತಿದ್ದಳು. ಚೆಟ್ಟಳ್ಳಿಯ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ನೆಂಟರೊಬ್ಬರು ಗೋಡೆ ನೋಡಿ, ಬೇಕರಿ ಕೇಕು ಥೇಟ್ ಹಾಗೇ ಬಂದಿದೆ ಎಂದು ಮನಸಾರೆ ಮೆಚ್ಚಿದರು. ಅವರಿಗೆ ಆ ದಿನ ಸಕ್ಕರೆಯಿಲ್ಲದ ಕಾಫಿ ದೊರೆಯಿತು. ಗೋಡೆ ಮೇಲೆ ಮಣ್ಣು ಬರೆಯುವುದೇನು ಚೆಂದ ಎಂದು ಅಪ್ಪ ಗೊಣಗಿದರೆ ಆಕೆ, "ದಿನಾ ಇದ್ರ ಮೇಲೇ ಓಡಾಡ್ತೀಯಲ್ಲ, ಕೆಳಗೇನೈತೆ ಅಂತ ಒಂದ್ಸಲ ನೋಡ್ಬಾರ್ದೇನೋ?" ಎನ್ನುವಳು.

ಯುಗಾದಿಗೆ ಮೊದಲು ಗೋಡೆಗೆ ಜೇಡಿ ಬಳಿಯುವುದು ಮನೆಯ ಪದ್ಧತಿ. ಬಳಿಯುವವಳೂ ಆಕೆಯೇ. ವರ್ಷದ ಚಿತ್ರವನ್ನು ತನ್ನ ಕೈಯಾರೆ ಮುಚ್ಚಿ, ಒಣಗಿದ ಮೇಲೆ ಮತ್ತೆ ಹೊಸ ದಿಬ್ಬ. ನನಗೆ ಅಳು ಬರುತ್ತಿತ್ತು. "ಹಳೇದು ಒಳಗೇ ಇರ್ತದೆ ಬಿಡು ಮಗಾ, ಎಲ್ಲಿಗೋಯ್ತದೆ," ಎನ್ನುತ್ತಿದ್ದಳು.

ನನ್ನಕ್ಕನ ಮದುವೆ ಬಂತು. ಬೀಗರ ಮುಂದೆ ಮರ್ಯಾದೆ ಉಳಿಯಬೇಕೆಂದು ಅಪ್ಪ, ಮನೆಯ ಘನತೆಯನ್ನೆಲ್ಲ ಹೊತ್ತವರಂತೆ, ಪಡಸಾಲೆಗೆ ಆಕಾಶನೀಲಿ ಆಯಿಲ್ ಪೇಂಟ್ ಹೊಡೆಸಿದರು. ಬೀಗರು ಗೋಡೆ ನೋಡಲಿಲ್ಲ, ಊಟ ನೋಡಿದರು. ಮುಂದಿನ ಯುಗಾದಿಗೆ ಅತ್ತೆ ಬಳಿದ ಜೇಡಿ ಆ ನುಣುಪಿನ ಮೇಲೆ ನಿಲ್ಲದೆ, ಒಣಗುತ್ತಲೇ ಹಪ್ಪಳದಂತೆ ಎದ್ದು ಉದುರಿತು. ಇನ್ನಷ್ಟು ಅಂಟು ಹಾಕಿ ನೋಡಿದಳು. ಅದೂ ಉದುರಿತು. ಪೊರಕೆ ತಂದು ಗುಡಿಸಿ, ಮಿಕ್ಕ ಕಲ್ಲುಗಳನ್ನು ಕಾಲುವೆ ದಂಡೆಗೇ ಹಾಕಿ ಬಂದಳು. ಅಂದಿನಿಂದ ನಮ್ಮ ಮನೆಯ ದೋಸೆ ನುಣ್ಣಗಾಯಿತು. ಯಾರೂ ಹೊಗಳಲಿಲ್ಲ.

ಅತ್ತೆ ತೀರಿಕೊಂಡು ಬಹಳ ಕಾಲವಾಯಿತು. ಹೋದ ಬೇಸಿಗೆಯಲ್ಲಿ ಹಳೆ ಮನೆ ಕೆಡವಿದೆವು. ಪಡಸಾಲೆಯ ಗೋಡೆ ಬಿದ್ದಾಗ ಅಪ್ಪ ಒಂದು ಹೆಂಟೆ ಎತ್ತಿಕೊಂಡು ಅದರ ಒಡೆದ ಅಂಚನ್ನೇ ನೋಡುತ್ತ ನಿಂತರು. ಹೊರಗೆ ನೀಲಿ ಸಿಪ್ಪೆ. ಅದರ ಹಿಂದೆ ಬಿಳಿ, ಕೆಂಪು, ಬಿಳಿ, ಹಳದಿ, ಬಿಳಿ, ಕಪ್ಪು, ಎಳೆ ಎಳೆಯಾಗಿ, ಅತ್ತೆಯ ಒಂದೊಂದು ಯುಗಾದಿ. ಅಲ್ಲಲ್ಲಿ ಕಾಗೆಬಂಗಾರ ಮಿನುಗಿತು. ಅಪ್ಪ ಉಗುರಿನಿಂದ ನೀಲಿಯನ್ನು ಕೆರೆಯತೊಡಗಿದರು. ಅದು ಏಳಲಿಲ್ಲ.

"ಒಳ್ಳೆ ಗಟ್ಟಿ ಪೇಂಟು ಕಣೋ," ಎಂದರು. ಹೆಂಟೆಯನ್ನು ಟವೆಲಿನಲ್ಲಿ ಸುತ್ತಿಕೊಂಡರು.

ಆ ಹೆಂಟೆ ಈಗ ಹೊಸ ಮನೆಯ ಷೋಕೇಸಿನಲ್ಲಿದೆ. ನೀಲಿ ಬದಿಯನ್ನು ಅಪ್ಪ ಹಿಂದಕ್ಕೆ ತಿರುಗಿಸಿ ಇಟ್ಟಿದ್ದಾರೆ.