ಮೂಗು ಸತ್ತವನ ಬೊಲೋನ್ಯಾ

ನನ್ನ ಮಗಳ ನೆತ್ತಿಯ ವಾಸನೆ ಹೇಗಿತ್ತು ಎಂದು ನನಗೆ ಗೊತ್ತಿಲ್ಲ. ಅವಳು ಹುಟ್ಟುವುದಕ್ಕೆ ಕೆಲವು ತಿಂಗಳ ಮೊದಲು ನನಗೊಂದು ಜ್ವರ ಬಂತು. ಹೇಳಿಕೊಳ್ಳುವಂಥದ್ದೇನಲ್ಲ, ಮನೆಯಿಂದಲೇ ಆಫೀಸಿನ ಮೀಟಿಂಗುಗಳಿಗೆ ಕೂತು ಕಳೆದ ಜ್ವರ. ಅದು ಬಿಟ್ಟ ಬೆಳಿಗ್ಗೆ ಹೆಂಡತಿ ಕಾಫಿ ತಂದು ಕೊಟ್ಟಳು. ಬಿಸಿಯಿತ್ತು, ಕಹಿಯಿತ್ತು, ಸಕ್ಕರೆಯೂ ಇತ್ತು, ಕಾಫಿ ಮಾತ್ರ ಇರಲಿಲ್ಲ. ಎದ್ದು ಹೋಗಿ ಪುಡಿಯ ಡಬ್ಬಿಗೆ ಮೂಗಿಟ್ಟು ಎಳೆದೆ. ಇಂಗಿನ ಡಬ್ಬಿ ತೆಗೆದೆ. ಕೊನೆಗೆ ಬಚ್ಚಲು ತೊಳೆಯುವ ಬಾಟಲಿಯನ್ನೂ ಮೂಸಿದೆ. ಎಲ್ಲವೂ ಒಂದೇ, ಬರೀ ಗಾಳಿ.

ಉಡುಪಿಯ ಅಡಿಗೆಮನೆಯಲ್ಲಿ ಬೆಳೆದವನು ನಾನು. ನೈವೇದ್ಯಕ್ಕೆ ಮಾಡಿದ್ದನ್ನು ಮೊದಲೇ ರುಚಿ ನೋಡುವಂತಿಲ್ಲ. ಹಾಗಾಗಿ ಹಬ್ಬದ ದಿನ ಸಾರಿನ ಆವಿ ಮೂಸಿ ಉಪ್ಪು ಬಿದ್ದಿದೆಯೋ ಇಲ್ಲವೋ ಹೇಳುವುದು ನಮ್ಮ ಮನೆಯಲ್ಲಿ ನನ್ನ ಕೆಲಸವಾಗಿತ್ತು. ಉಪ್ಪಿಗೆ ವಾಸನೆ ಎಲ್ಲಿಂದ ಬರಬೇಕು ಎಂದು ಓದಿದವರು ನಗುತ್ತಾರೆ, ನಗಲಿ. ನಾನು ತಪ್ಪಿದ್ದು ಕಡಿಮೆ. ಇಂಥ ಮೂಗು ಜರ್ಮನಿಯ ನ್ಯೂರೆಂಬರ್ಗಿನ ಮೂರನೆಯ ಮಹಡಿಯ ಮನೆಯಲ್ಲಿ, ಯಾರಿಗೂ ತೊಂದರೆ ಕೊಡದೆ, ಸದ್ದಿಲ್ಲದೆ ಸತ್ತುಹೋಯಿತು.

ಕಿವಿ ಮೂಗು ಗಂಟಲಿನ ಡಾಕ್ಟರು ನಾಲ್ಕು ಪುಟ್ಟ ಸೀಸೆ ಬರೆದುಕೊಟ್ಟರು: ಗುಲಾಬಿ, ನಿಂಬೆ, ಲವಂಗ, ನೀಲಗಿರಿ. ಬೆಳಿಗ್ಗೆ ಸಂಜೆ ಒಂದೊಂದನ್ನೇ ಮೂಸಬೇಕು, ಮೂಸುವಾಗ ಆ ವಾಸನೆ ಹೇಗಿತ್ತೆಂದು ನೆನಪಿಸಿಕೊಳ್ಳಬೇಕು. ನರಗಳು ಮತ್ತೆ ಚಿಗುರಬಹುದು, ತಾಳ್ಮೆ ಇರಲಿ ಎಂದರು. ನಾನು ಸಂಧ್ಯಾವಂದನೆಯನ್ನು ಜನ್ಮದಲ್ಲಿ ಅಷ್ಟು ಶ್ರದ್ಧೆಯಿಂದ ಮಾಡಿದವನಲ್ಲ. ಆ ಸೀಸೆಗಳನ್ನು ಮಾತ್ರ ಒಂದು ಹೊತ್ತೂ ಬಿಡಲಿಲ್ಲ.

ಮಗಳು ಹುಟ್ಟಿದಳು. ನಾಮಕರಣ ನಮ್ಮ ನಡುಮನೆಯಲ್ಲೇ ನಡೆಯಿತು. ಹೊಗೆ ಎದ್ದರೆ ಸೂರಿನ ಅಲಾರಂ ಕೂಗಿಕೊಳ್ಳುತ್ತದೆಂದು ಹೋಮವಿಲ್ಲ, ಬರೀ ದೀಪ. ಪುರೋಹಿತರು ಉಡುಪಿಯಿಂದ ಲ್ಯಾಪ್‌ಟಾಪಿನಲ್ಲಿ ಮಂತ್ರ ಹೇಳಿದರು. ಒಂದು ಹಂತದಲ್ಲಿ ತಂದೆಯಾದವನು ಮಗುವಿನ ನೆತ್ತಿಯನ್ನು ಮೂಸಬೇಕು. ಶಾಸ್ತ್ರ ಹಾಗಿದೆ.

"ಮೂಸಿ ಮಾರಾಯ್ರೆ, ನಿಮ್ಮದೇ ಮಗು, ನಾಚಿಕೆ ಎಂತದು?" ಎಂದರು ಪುರೋಹಿತರು.

ಬಗ್ಗಿದೆ. ನೆತ್ತಿಯ ಮೆತ್ತನೆಯ ಜಾಗ ನನ್ನ ತುಟಿಗೆ ತಾಗಿ ಮಿಡಿಯಿತು. ಬಿಸಿ ಗೊತ್ತಾಯಿತು, ಕೂದಲಿನ ನವಿರು ಗೊತ್ತಾಯಿತು. ಎದೆ ತುಂಬ ಉಸಿರೆಳೆದರೂ ಮಗು ಒಳಗೆ ಬರಲಿಲ್ಲ. ಪರದೆಯ ಇನ್ನೊಂದು ಮೂಲೆಯಿಂದ ಅಮ್ಮ ಕೇಳಿದರು: "ಎಂತ ಪರಿಮಳ ಅಲ್ವನಾ? ನೀನೂ ಹಾಗೇ ಇದ್ದಿ."

"ಹೌದಮ್ಮ" ಎಂದೆ. ಅಮ್ಮನಿಗೆ ವಿಷಯ ಇನ್ನೂ ಗೊತ್ತಿಲ್ಲ.

ಆಮೇಲೆ ಗಮನಿಸುತ್ತಾ ಬಂದೆ. ಮಗುವನ್ನು ಎತ್ತಿಕೊಂಡವರೆಲ್ಲ ಮೊದಲು ಮಾಡುವುದು ಅದನ್ನೇ. ಮನೆಗೆ ಬರುತ್ತಿದ್ದ ಸೂಲಗಿತ್ತಿ ಮಾಡಿದಳು, ಕೆಳಗಿನ ಮನೆಯ ಮುದುಕಿ ಮಾಡಿದಳು, ಊಟಕ್ಕೆ ಬಂದ ಕನ್ನಡದ ಗೆಳೆಯ ಕೂಡ "ಏನ್ ಗುರು, ತುಪ್ಪದ ಡಬ್ಬಿ ಇದು" ಎಂದ. ನನ್ನ ಮಗಳನ್ನು ದಾರಿಹೋಕರೆಲ್ಲ ನನಗಿಂತ ಹೆಚ್ಚು ಬಲ್ಲರು ಎಂದು ನನಗೆ ಹೊಟ್ಟೆಕಿಚ್ಚು. ಹೆಂಡತಿ ಸಮಾಧಾನ ಹೇಳುತ್ತಿದ್ದಳು: "ಅದೆಲ್ಲಿಗೆ ಹೋಗತ್ತೋ? ನಿಂಗೆ ವಾಪಸ್ ಬರೋವರೆಗೂ ಇರತ್ತೆ ಬಿಡು." ನಾನು ಬೇಡಿದ್ದೂ ಅಷ್ಟೇ. ಕಾಫಿ ಬೇಡ, ಮಲ್ಲಿಗೆ ಬೇಡ, ಸಾರು ಬೇಡ. ಅವಳು ಕೂಸಾಗಿರುವಾಗಲೇ ಒಂದು ಸಲ ಅವಳ ನೆತ್ತಿ ನನಗೆ ಸಿಗಬೇಕು.

ಇಟಲಿಗೆ ಹೋಗುವುದು ಹೆಂಡತಿಯ ಯೋಚನೆ. ಅವಳು ಮೈಸೂರಿನವಳು. ಹುಡುಗಿಯಾಗಿದ್ದಾಗ ಸಾಂಪ್ರದಾಯಿಕ ಚಿತ್ರಕಲೆ ಕಲಿತು ಚಿನ್ನದ ರೇಕು ಅಂಟಿಸುವುದರಲ್ಲಿ ಕೈ ಪಳಗಿಸಿಕೊಂಡಿದ್ದಳು. ಇಟಲಿಯ ಹಳೆಯ ಚಿತ್ರಗಳ ಚಿನ್ನವನ್ನು ಹತ್ತಿರದಿಂದ ನೋಡಬೇಕೆಂಬ ಆಸೆ ಅವಳಿಗೆ ಮದುವೆಗೆ ಮೊದಲಿನಿಂದ ಇತ್ತು. ನನಗೆ ಹೇಳಿದ ಕಾರಣ ಬೇರೆ. "ಬೊಲೋನ್ಯಾದಲ್ಲಿ ಬೀದಿ ಬೀದೀಲೂ ವಾಸನೆ ಇರತ್ತಂತೆ. ಈ ಸೀಸೆಗಳಲ್ಲಿ ಏನಿದೆ? ಮೂಗಿಗೂ ಒಂದು ಆಸೆ ತೋರಿಸ್ಬೇಕು." ಮಗಳಿಗೆ ಆಗ ಏಳು ತಿಂಗಳು. ನಾನು ಒಪ್ಪಿದೆ. ಮುಳುಗುವವನು ಹುಲ್ಲು ಯಾವ ಊರಿನದೆಂದು ಕೇಳುವುದಿಲ್ಲ.

ಮ್ಯೂನಿಕ್‌ನಲ್ಲಿ ಬದಲಿಸಿ ಬೆಟ್ಟ ದಾಟುವ ರೈಲು ಹಿಡಿದೆವು. ಹೆಂಡತಿ ಬಿಸಿನೀರು ತರಲು ಎದ್ದು ಹೋದಾಗ ನಾನು ಮಗಳನ್ನು ತೊಡೆಯ ಮೇಲೆ ಕುಣಿಸುತ್ತಾ ಹಿಮ ತೋರಿಸುತ್ತಿದ್ದೆ. ಎದುರಿಗೆ ಕೂತಿದ್ದ ಜರ್ಮನ್ ಮುದುಕಿ ಕಿಟಕಿ ಕಡೆ ಮುಖ ತಿರುಗಿಸಿದಳು. ಸ್ವಲ್ಪ ಹೊತ್ತಿಗೆ ಅವಳ ಪಕ್ಕದವನು ಎದ್ದು ಬೇರೆ ಕಡೆ ಹೋದ. ಕೊನೆಗೆ ಮುದುಕಿ ಬಹಳ ಮರ್ಯಾದೆಯಿಂದ, ಚಿಕ್ಕವಳಿಗೆ ಬಟ್ಟೆ ಬದಲಿಸಬೇಕೇನೋ ಎಂದಳು. ನೋಡಿದರೆ ಡಯಾಪರ್ ಮೀರಿ ನನ್ನ ಪ್ಯಾಂಟಿನವರೆಗೂ ಬಂದಿತ್ತು. ಮೂಗಿಲ್ಲದವನೆಂದು ಜರ್ಮನ್‌ನಲ್ಲಿ ವಿವರಿಸಲು ಹೊರಟು ಅರ್ಧಕ್ಕೇ ಬಿಟ್ಟೆ. ಆಕೆಯ ಕಣ್ಣಿಗೆ ನಾನು ಹೆಂಡತಿ ಬರಲೆಂದು ಕಾಯುವ ಗಂಡಸಾಗಿಯೇ ಉಳಿದೆ.

ಬೊಲೋನ್ಯಾ ಚಂದದ ಊರು. ಅದನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಬೀದಿಯ ಎರಡೂ ಕಡೆ ಕಮಾನಿನ ಮೊಗಸಾಲೆಗಳು, ಮಗುವಿನ ಗಾಡಿ ತಳ್ಳಿಕೊಂಡು ಬಿಸಿಲು ತಾಗದೆ ಊರೆಲ್ಲ ಸುತ್ತಬಹುದು. ಇಟ್ಟಿಗೆಯ ಕೆಂಪು, ಕಾವಿಯ ಕೆಂಪು, ಸಂಜೆ ಬಿಸಿಲಿನಲ್ಲಿ ಹಣ್ಣಾದ ಕೆಂಪು. ಹಳೆಯ ಪೇಟೆಯ ಓಣಿಗಳಲ್ಲಿ ಚೀಸ್ ಚಕ್ರಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಅಂಗಡಿಯ ಬಾಗಿಲಲ್ಲೇ ಕಾಫಿ ಹುರಿಯುತ್ತಿದ್ದರು. ಸಸ್ಯಾಹಾರಿಗಳಿಗೆ ಅಲ್ಲಿ ಕಷ್ಟ, ಹಿಟ್ಟಿನ ಮಡಿಕೆಯೊಳಗೂ ಮಾಂಸ ತುರುಕುವ ಜನ. ಆದರೂ ಹುಡುಕಿ ಹುಡುಕಿ ಸಿಹಿಕುಂಬಳ ತುಂಬಿದ ಪಾಸ್ತಾ ತರಿಸಿದೆವು. ಹುರಿದ ಬೆಣ್ಣೆ ಸುರಿದಿದ್ದರು, ಮೇಲೆ ಯಾವುದೋ ಎಲೆ.

ಹೆಂಡತಿ ಕ್ರಿಕೆಟ್ ಕಾಮೆಂಟರಿಯಂತೆ ಶುರು ಮಾಡಿದಳು. "ಈಗ ಬೆಣ್ಣೆ ವಾಸನೆ. ತುಪ್ಪ ಕಾಯಿಸೋವಾಗ ಕೊನೇಲಿ ಬರತ್ತಲ್ಲ, ಹಾಗೆ. ಎಲೆದು ಸ್ವಲ್ಪ ದೊಡ್ಡಪತ್ರೆ ಥರ. ಬಂತಾ? ಏನಾದ್ರೂ ಬಂತಾ?"

ಬಾಯೊಳಗೆ ಸಿಹಿ, ಉಪ್ಪು, ಮೆತ್ತಗಿನ ಒಂದು ಮುದ್ದೆ. "ಇಲ್ಲ" ಎಂದೆ.

ಬೇಕರಿಯ ಮುಂದೆ ನಿಲ್ಲಿಸಿದಳು, ಕಾಫಿ ಅಂಗಡಿಯ ಮುಂದೆ ನಿಲ್ಲಿಸಿದಳು. ಎಲ್ಲ ಕಡೆ "ಬಂತಾ?" ಎಂದು ನನ್ನ ಮುಖ ನೋಡುವುದು. ಮಗುವಿಗೆ ಹಲ್ಲು ಬಂತಾ ಎಂದು ಕೇಳುವವರ ಮುಖ ಹಾಗಿರುತ್ತದೆ. ಚೀಸ್ ಅಂಗಡಿಯಲ್ಲಿ ಒಂದು ಚೂರನ್ನು ನೇರ ನನ್ನ ಮೂಗಿಗೇ ಹಿಡಿದಾಗ ನನಗೆ ತಲೆ ಕೆಟ್ಟಿತು.

"ಸಾಕು ಮಾರಾಯ್ತಿ. ನಾನೆಂತ ನಾಯಿಯಾ?"

ಅಂಗಡಿಯವನಿಗೆ ಮಾತು ಅರ್ಥವಾಗದಿದ್ದರೂ ವಿಷಯ ಅರ್ಥವಾಯಿತು, ಬೇರೆ ಗಿರಾಕಿಯ ಕಡೆ ತಿರುಗಿದ. ಅವಳು ಆ ಚೂರನ್ನು ತಾನೇ ತಿಂದು, ದುಡ್ಡು ಕೊಟ್ಟು ಹೊರಗೆ ಬಂದಳು. ಆಮೇಲೆ ಅವಳು ಏನೂ ಕೇಳಲಿಲ್ಲ. ಅದು ಇನ್ನೂ ಕಷ್ಟವಾಯಿತು.

ಮರುದಿನ ಚಿತ್ರಶಾಲೆಗೆ ಹೋದೆವು. ಅಲ್ಲಿ ಕಳೆದ ಮೊದಲ ಗಂಟೆ, ಆ ವರ್ಷದಲ್ಲಿ ನಾನು ಸುಖವಾಗಿದ್ದ ಒಂದೇ ಗಂಟೆ ಇರಬೇಕು. ಚಿತ್ರಕ್ಕೆ ವಾಸನೆ ಬೇಕಿಲ್ಲ. ಆ ಕೋಣೆಗಳಲ್ಲಿದ್ದ ಎಲ್ಲರೂ ನನ್ನಷ್ಟೇ ಮೂಗಿಲ್ಲದವರು. ಹೆಂಡತಿ ಚಿನ್ನದ ಹಲಗೆಗಳ ಮುಂದೆ ಬಗ್ಗಿ ಪ್ರಭಾವಳಿಯ ಸಣ್ಣ ಸಣ್ಣ ಚುಕ್ಕಿಗಳನ್ನು ತೋರಿಸಿದಳು. "ನಾವು ಉಬ್ಬಿಸ್ತೀವಿ, ಇವರು ಕುಟ್ಟಿ ತಗ್ಗಿಸಿದಾರೆ ನೋಡು. ರೇಕು ಮಾತ್ರ ಒಂದೇ." ಅವಳ ದನಿ ಹುಡುಗಿಯ ದನಿಯಾಗಿತ್ತು. ಗಾಡಿಯಲ್ಲಿದ್ದ ಮಗಳು ಚಿನ್ನದ ಹೊಳಪು ನೋಡಿ ಕೈ ಬಡಿದಳು. ಕಾವಲಿನ ಹೆಂಗಸು ನಕ್ಕಳು. ನಾನೂ ನಕ್ಕೆ. ಹೀಗೆಯೇ ಬದುಕಬಹುದಲ್ಲ ಎಂದು ಅನ್ನಿಸಿದ್ದು ನಿಜ.

ಆಮೇಲೆ ಒಂದು ಚಿತ್ರದ ಮುಂದೆ ನಿಂತೆ. ಸತ್ತು ಗೋರಿ ಸೇರಿದವನನ್ನು ನಾಲ್ಕು ದಿನದ ಮೇಲೆ ಯೇಸು ಎಬ್ಬಿಸಿದ ಕಥೆ. ಸತ್ತವನು ಬಟ್ಟೆ ಸುತ್ತಿಕೊಂಡು ಹೊರಗೆ ಬರುತ್ತಿದ್ದಾನೆ, ಸುತ್ತಲಿನವರು ಬೆರಗಾಗಿದ್ದಾರೆ. ಅಂಚಿನಲ್ಲಿ ನಿಂತ ಒಬ್ಬ ಮಾತ್ರ ಮೇಲುಹೊದಿಕೆಯನ್ನು ಮೂಗಿಗೆ ಒತ್ತಿ ಹಿಡಿದಿದ್ದಾನೆ.

"ಜಾಣ ನೋಡು" ಎಂದಳು ಹೆಂಡತಿ. "ವಾಸನೇನ ಬರೆಯಕ್ಕಾಗಲ್ಲ. ಅದಕ್ಕೇ ಮೂಗು ಮುಚ್ಕೊಂಡೋನನ್ನ ಬರೆದಿದಾನೆ."

ನಾನು ಆ ಮೂಗು ಮುಚ್ಚಿದವನನ್ನೇ ನೋಡುತ್ತಿದ್ದೆ. ಸತ್ತವನು ಎದ್ದದ್ದು ನನಗೆ ದೊಡ್ಡದೆನಿಸಲಿಲ್ಲ. ಹೆಣದ ನಾತವಾದರೂ ಇವನಿಗೆ ಸಿಗುತ್ತಿದೆಯಲ್ಲ, ಅದನ್ನೂ ಬೇಡವೆಂದು ಬಟ್ಟೆ ಅಡ್ಡ ಹಿಡಿದಿದ್ದಾನಲ್ಲ ಎಂದು ಅವನ ಮೇಲೆ ಸಿಟ್ಟು ಬಂತು. "ನಂಗೆ ಅದಾದ್ರೂ ಸಾಕಿತ್ತು" ಎಂದೆ. ಹೆಂಡತಿ ಗಾಡಿಯನ್ನು ಮುಂದಕ್ಕೆ ತಳ್ಳಿದಳು.

ಮುಂದಿನ ಕೋಣೆಗಳ ತುಂಬ ತಾಯಿ ಮಗು, ತಾಯಿ ಮಗು. ಇಟಲಿಯಲ್ಲಿ ಅದನ್ನು ತಪ್ಪಿಸಿಕೊಳ್ಳುವ ದಾರಿಯಿಲ್ಲ. ಒಂದರಲ್ಲಿ ತಾಯಿ ತನ್ನ ಮೂಗನ್ನು ಮಗುವಿನ ಕೂದಲೊಳಗೆ ಹುದುಗಿಸಿದ್ದಳು. ಅವಳ ಕಣ್ಣು ಅರ್ಧ ಮುಚ್ಚಿತ್ತು. ಯಾವ ಕಾಲದ, ಯಾವ ಊರಿನ ಹೆಂಗಸೋ. ಅವಳು ಉಸಿರು ಒಳಗೆಳೆಯುತ್ತಿದ್ದಾಳೆಂದು ಯಾರಿಗೂ ಹೇಳಿಕೊಡಬೇಕಿರಲಿಲ್ಲ. ಹೊರಗೆ ಕಾಯುತ್ತೇನೆ ಎಂದು ಹೇಳಿ ಮೆಟ್ಟಿಲಿಳಿದು ಬಂದು ಕಮಾನಿನ ಕೆಳಗೆ ಕೂತೆ.

ಸಂಜೆ ಐಸ್‌ಕ್ರೀಮ್ ತಿಂದೆವು. ಹೆಂಡತಿಯದು ಪಿಸ್ತಾ, ನನ್ನದು ಯಾವುದಾದರೇನು. ಮಗಳಿಗೆ ನಿಂಬೆಯದನ್ನು ಬೆರಳ ತುದಿಯಲ್ಲಿ ನೆಕ್ಕಿಸಿದಾಗ ಅವಳು ಮುಖ ಕಿವುಚಿ, ಕಣ್ಣು ಮುಚ್ಚಿ, ಮತ್ತೆ ಬೇಕೆಂದು ಬಾಯಿ ತೆರೆದಳು. ಇಬ್ಬರೂ ನಕ್ಕೆವು. ಹಿಂದಿನ ದಿನದ ಜಗಳ ಅಲ್ಲಿಗೆ ಮುಗಿಯಿತು.

ಬಾಡಿಗೆ ಕೋಣೆಗೆ ಬಂದು ಹೆಂಡತಿ ಮಗಳಿಗೆ ಸ್ನಾನ ಮಾಡಿಸಿದಳು. ಟವೆಲ್ಲಿನಲ್ಲಿ ಸುತ್ತಿ ಎತ್ತಿಕೊಂಡು ಎಂದಿನಂತೆ ನೆತ್ತಿಗೆ ಮೂಗಿಟ್ಟಳು. ಎಂದಿನಷ್ಟು ಹೊತ್ತು ಇಡಲಿಲ್ಲ. ಮತ್ತೆ ಇಟ್ಟಳು, ಕಿವಿಯ ಹಿಂದೆ, ಕತ್ತಿನ ಮಡಿಕೆಯಲ್ಲಿ.

"ಎಂತ ಆಯ್ತು?"

"ಏನಿಲ್ಲ."

"ಹೇಳು ಮಾರಾಯ್ತಿ."

ಅವಳು ಮಗಳಿಗೆ ಬಟ್ಟೆ ಹಾಕುತ್ತಾ, ನನ್ನ ಕಡೆ ನೋಡದೆ ಹೇಳಿದಳು: "ಮುಂಚಿನ ಹಾಗಿಲ್ಲ ಕಣೋ. ಅನ್ನ ಬೇಳೆ ತಿನ್ನಕ್ಕೆ ಶುರು ಮಾಡಿದಳಲ್ಲ, ಅದಕ್ಕೇ ಇರಬೇಕು. ಕಡಿಮೆ ಆಗ್ತಾ ಬಂದಿದೆ. ನಾನೇ ಹೇಳಿರಲಿಲ್ಲ."

ನನ್ನ ಮೂಗು ಯಾವಾಗ ಬರುತ್ತದೋ ಎಂದು ಕಾಯುತ್ತಿದ್ದೆನೇ ಹೊರತು, ಇನ್ನೊಂದು ತುದಿಯಿಂದ ಆ ವಾಸನೆಯೂ ಹೊರಟಿದೆ ಎಂದು ನನಗೆ ಹೊಳೆದಿರಲಿಲ್ಲ. "ಹೇಗಿರತ್ತೆ ಅದು? ಸರಿಯಾಗಿ ಹೇಳು" ಎಂದೆ. ಅವಳು ಪ್ರಾಮಾಣಿಕವಾಗಿ ಯತ್ನಿಸಿದಳು. ಹಾಲು ಎಂದಳು, ಅಲ್ಲ ಎಂದಳು. ಬಿಸಿ ಬಟ್ಟೆ, ಹೊಸ ಅಕ್ಕಿ, ಬ್ರೆಡ್ಡು. ಚಿನ್ನದ ಚುಕ್ಕಿಯನ್ನು ಅಷ್ಟು ಚೆನ್ನಾಗಿ ವಿವರಿಸಿದವಳ ಬಾಯಿಗೆ ಇದು ಬರಲಿಲ್ಲ. "ಅವಳ ವಾಸನೆ, ಅಷ್ಟೆ" ಎಂದುಬಿಟ್ಟಳು.

ನ್ಯೂರೆಂಬರ್ಗಿಗೆ ಬಂದು ಬೇಸಿಗೆ ಕಳೆಯಿತು. ಮಗಳು ಗೋಡೆ ಹಿಡಿದು ನಿಲ್ಲತೊಡಗಿದಳು. ನಾನು ಸೀಸೆಗಳನ್ನು ಮೂಸುತ್ತಲೇ ಇದ್ದೆ. ಈಗ ಹೊಸ ತೊಂದರೆ, ಗುಲಾಬಿ ಹೇಗಿತ್ತೆಂದು ನೆನಪು ಮಾಡಿಕೊಳ್ಳಲು ಹೋದರೆ ಬಣ್ಣ ಬರುತ್ತಿತ್ತು, ಮುಳ್ಳು ಬರುತ್ತಿತ್ತು, ಬೇರೇನೂ ಬರುತ್ತಿರಲಿಲ್ಲ. ಡಾಕ್ಟರು ಮತ್ತೆ ಪರೀಕ್ಷೆ ಮಾಡಿ, ಕನ್ನಡಕ ತೆಗೆದು ಒರೆಸಿಕೊಂಡು, ಇನ್ನು ನೀವು ಬರುವ ಅಗತ್ಯವಿಲ್ಲ, ಇದರೊಂದಿಗೆ ಬದುಕಲು ಕಲಿಯುವುದು ಒಳ್ಳೆಯದು ಎಂದರು. ಒಳ್ಳೆಯ ಮನುಷ್ಯ. ಬಾಗಿಲವರೆಗೂ ಬಂದು ಕೈ ಕುಲುಕಿ ಕಳಿಸಿದರು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಕೇಳಿಸಿಕೊಂಡು ಒಳಗೆ ಹೋದಳು. ಬೀರುವಿನ ಬಾಗಿಲು ತೆರೆದ ಸದ್ದಾಯಿತು. ಒಂದು ಜಿಪ್ ಚೀಲ ಹಿಡಿದುಕೊಂಡು ಬಂದಳು, ಫ್ರಿಜ್ಜಿನಲ್ಲಿ ತರಕಾರಿ ಇಡುತ್ತೇವಲ್ಲ, ಅಂಥದ್ದು. ಅದರೊಳಗೆ ಇನ್ನೊಂದು ಚೀಲ. ಅದರೊಳಗೆ ಆಸ್ಪತ್ರೆಯಲ್ಲಿ ಮಗಳಿಗೆ ಮೊದಲು ಹಾಕಿದ ಹತ್ತಿಯ ಟೋಪಿ.

"ಒಗೆದಿಲ್ಲ" ಎಂದಳು. "ಹಾಗೇ ಎತ್ತಿಟ್ಟಿದ್ದೆ, ನಿಂಗೆ ಅಂತ. ಒಂದ್ಸಲಾನೂ ತೆಗೆದಿಲ್ಲ. ತೆಗೆದರೆ ಹೋಗಿಬಿಡತ್ತೆ ಅಂತ."

ಯಾಕೆ ಈಗ ತೆಗೆಯುತ್ತೀ ಎಂದು ಕೇಳಬೇಕೆಂದುಕೊಂಡೆ, ಕೇಳಲಿಲ್ಲ. ಇನ್ನು ಯಾರಿಗಾಗಿ ಇಡಬೇಕಿತ್ತು? ಅವಳು ಮೊದಲ ಚೀಲ ಬಿಚ್ಚಿದಳು, ಎರಡನೆಯದನ್ನು ಬಿಚ್ಚಿದಳು. ಟೋಪಿಯನ್ನು ಮುಖಕ್ಕೆ ಒತ್ತಿಕೊಂಡು ಕಣ್ಣು ಮುಚ್ಚಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ, ಅವಳಿಗಾದರೂ ಸಿಗಲಿ ಎಂದು. ಅವಳು ಟೋಪಿಯನ್ನು ತಿರುಗಿಸಿ ಒಳಭಾಗವನ್ನು ಮೂಸಿದಳು. ಮತ್ತೊಮ್ಮೆ ಮೂಸಿದಳು.

"ಬರೀ ಪ್ಲಾಸ್ಟಿಕ್ ವಾಸನೆ ಬರ್ತಿದೆ" ಎಂದಳು.

ಇಷ್ಟೂ ದಿನ ನನ್ನ ಮುಂದೆ ಒಂದು ಸಲವೂ ಅಳದಿದ್ದವಳು ನೆಲದ ಮೇಲೆ ಕೂತು ಅತ್ತಳು. ಮಗಳು ಅಂಬೆಗಾಲಿಟ್ಟು ಬಂದು ಅವಳ ಕೈಯಿಂದ ಟೋಪಿ ಕಿತ್ತುಕೊಂಡು ಬಾಯಿಗೆ ಹಾಕಿಕೊಂಡಳು. ಇಬ್ಬರೂ ತಡೆಯಲಿಲ್ಲ.